ಪಂಪಿನೊಳಗ ಇದ್ದದ್ದು ಬರೀ ನೀರು

ನಾನು ರೋಣ ತಾಲೂಕಿನ ಅಸೂಟಿಯವ. ಮದುವಿ ಫೋಟೋ ತೆಗೆಯೋದು ನನ್ನ ಕೆಲಸ. ಜಾಹೀರಾತಿನೊಳಗ ಕ್ಯಾಮೆರಾ ಕಂಡ್ರ ಕಣ್ಣು ಮೊದಲು ಲೆನ್ಸಿಗೇ ಹೋಗ್ತದ. ಒಂದು ಫ್ಲೆಕ್ಸಿನಲ್ಲಿ ಹುಡುಗಿ ನಗುತ್ತ ಕ್ಲಿಕ್ ಮಾಡ್ತಿದ್ಲು, ಲೆನ್ಸಿನ ಮುಚ್ಚಳ ತೆಗೆದೇ ಇಲ್ಲ! ನಕ್ಕು ಸುಮ್ಮನಾದೆ. ಅದರಿಂದ ಯಾರಿಗೂ ಏನೂ ಆಗೂದಿಲ್ಲ ಬಿಡ್ರಿ.

ಆದ್ರ ಹೋದ ವರ್ಷ ನನಗೇ ಔಷಧಿ ಹೊಡೆಯೋ ಪಂಪಿನ ಜಾಹೀರಾತು ಫೋಟೋ ತೆಗೆಯೋ ಕೆಲಸ ಬಂತು. ನಮ್ಮ ಎರಿ ಹೊಲದ ಕಡ್ಲಿ ಬೆಳಿಯೊಳಗ ಕಾಕಾನ್ನೇ ನಿಲ್ಲಿಸಿದೆ. ಅವರು ರೂಢಿಯಂತೆ ಮುಖಕ್ಕ ಟವೆಲ್ ಸುತ್ತಿಕೊಂಡಿದ್ರು. 'ಮುಖ ಕಾಣಬೇಕು, ನಗು ಬೇಕು' ಅಂದ್ರು ಮಾಡಿಸೋರು. ಟವೆಲ್ ಬಿಚ್ಚಿಸಿದೆ, ಕೈಗವಸು ತೆಗೆಸಿದೆ. ಪಂಪಿನೊಳಗ ಬರೀ ನೀರಿತ್ತು, ಖರೆ. ಫೋಟೋದಾಗ ಅದು ನೀರು ಅಂತ ಯಾರಿಗೆ ತಿಳೀತದ?

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ಏರಿ ಸುಮಾರು 20 ಮಂದಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಮೂಗು-ಬಾಯಿ ಮುಚ್ಚಿಕೊಳ್ಳಿ, ಕೈಗವಸು ಹಾಕಿಕೊಳ್ಳಿ ಅಂತ ಔಷಧಿ ಡಬ್ಬಿಯ ಚೀಟಿಯಲ್ಲಿ ಸಣ್ಣ ಅಕ್ಷರದಾಗ ಇರ್ತದ. ನನ್ನ ಫೋಟೋ ಎಂಟು ಅಡಿ ಎತ್ತರ ಐತಿ, ಗೊಬ್ಬರದ ಅಂಗಡಿ ಮುಂದ.

ಮೊನ್ನೆ ಕಾಕಾ ಅಂದ್ರು: 'ತಮ್ಮಾ, ಅದರ ಕೆಳಗ ನೀರು ಅಂತಾದ್ರೂ ಬರಸೋ.' ಮಾಡಿಸಿದವರಿಗೆ ಫೋನ್ ಮಾಡೀನಿ. ಇನ್ನೂ ಬರೆಸಿಲ್ರಿ.