ಆಟದ ಕಾರಿನ ಸ್ಪ್ರಿಂಗು

ಹಳ್ಳಿಯ ದಾರಿಯಲ್ಲಿ ಎತ್ತಿನ ಗಾಡಿಯ ಪ್ರಯಾಣ ಮಾಡಿ, ಆಮೇಲೆ ಕಮಾನು ಗಾಡಿ ಹತ್ತಿದವರಿಗೆ ಸ್ಪ್ರಿಂಗಿನ ಮಹಿಮೆಯನ್ನು ಹೇಳಿ ತಿಳಿಸಬೇಕಾಗಿಲ್ಲ. ಗುಂಡಿಗಳು ಅವೇ, ಕಲ್ಲುಗಳು ಅವೇ. ಆದರೆ ನಡುವೆ ಬಳುಕುವ ಉಕ್ಕಿನ ಪಟ್ಟಿಗಳಿರುವುದರಿಂದ ಬೆನ್ನಿಗೆ ತಗಲುವ ಪೆಟ್ಟು ಕಡಮೆ. ಸ್ಪ್ರಿಂಗು ಇರುವುದು ಕುಳಿತವರ ಸುಖಕ್ಕಾಗಿ ಎಂದು ನಾವು ತಿಳಿದಿರುವುದು ಇದರಿಂದಲೇ. ಹಾಗಾದರೆ ಯಾರೂ ಕುಳಿತುಕೊಳ್ಳದ ಗಾಡಿಗೂ ಸ್ಪ್ರಿಂಗು ಬೇಕೆ? ಬೇಕು. ಏಕೆ ಬೇಕು, ಅದನ್ನು ಆರಿಸುವುದು ಹೇಗೆ ಎಂಬುದನ್ನು ನಾನು ತಿಳಿದುಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ. ಆ ಕಥೆಯನ್ನೇ ನಿಮಗೆ ಹೇಳುತ್ತೇನೆ.

ರೇಡಿಯೊ ಅಲೆಗಳಿಂದ ನಡೆಸುವ ಪಂದ್ಯದ ಪುಟ್ಟ ಕಾರುಗಳನ್ನು ನೀವು ನೋಡಿರಬಹುದು. ನಿಮ್ಮ ಮನೆಯ ರೇಡಿಯೊ ಅಲೆಗಳಿಂದ ಧ್ವನಿಯನ್ನು ಹೊರಡಿಸಿದರೆ, ಈ ಕಾರಿನೊಳಗಿನ ಪೆಟ್ಟಿಗೆ ‘ಎಡಕ್ಕೆ ತಿರುಗು’, ‘ವೇಗ ತಗ್ಗಿಸು’ ಎಂಬ ಅಪ್ಪಣೆಗಳನ್ನು ಹಿಡಿದುಕೊಳ್ಳುತ್ತದೆ. ಜಪಾನಿನ ತಮಿಯಾ ಕಂಪೆನಿ ಇಂಥ ತನ್ನ ಮೊದಲ ಕಾರನ್ನು ಮಾರಾಟಕ್ಕೆ ತಂದದ್ದು ೧೯೭೬ರಲ್ಲಿ. ೧೯೮೪ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಎಂಬ ಸಂಸ್ಥೆ ಮಣ್ಣಿನ ದಾರಿಯಲ್ಲಿ ಓಡುವ ಆರ್‌ಸಿ ೧೦ ಎಂಬ ಕಾರನ್ನು ಹೊರತಂದಿತು. ಅದರ ನಾಲ್ಕು ಚಕ್ರಗಳಿಗೂ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ಅದರ ಸುತ್ತ ಒಂದೊಂದು ಸುರುಳಿ ಸ್ಪ್ರಿಂಗು. ನಿಜವಾದ ಕಾರಿನ ಹತ್ತನೆಯ ಒಂದರ ಅಳತೆಯ ಈ ಜಾತಿಯ ಕಾರುಗಳ ಕಟ್ಟಣೆ ಇಂದಿಗೂ ಬಹುಮಟ್ಟಿಗೆ ಹೀಗೆಯೇ ಇದೆ. ತೂಕ ಸುಮಾರು ಒಂದೂವರೆ ಕಿಲೋಗ್ರಾಂ.

ನನ್ನ ತಂಗಿಯ ಮಗನ ಹತ್ತಿರ ಇಂಥ ಕಾರೊಂದಿದೆ. ಒಂದು ದಿನ ಅವನು, “ಮಾಮ, ದಿಬ್ಬ ಹಾರಿ ಬಿದ್ದಾಗ ಕಾರಿನ ಹೊಟ್ಟೆ ನೆಲಕ್ಕೆ ಬಡಿಯುತ್ತೆ, ಏನು ಮಾಡಲಿ?” ಎಂದು ಕೇಳಿದ. ಹಿರಿಯನಾದ ಮೇಲೆ ‘ಗೊತ್ತಿಲ್ಲ’ ಎನ್ನಲು ನಾಲಗೆ ಹೊರಳುವುದಿಲ್ಲ. “ಸ್ಪ್ರಿಂಗು ಮೆತ್ತಗಾಗಿದೆಯಪ್ಪ, ಗಟ್ಟಿಯಾದದ್ದನ್ನು ಹಾಕು” ಎಂದುಬಿಟ್ಟೆ. ಅವನು ಕೂಡಿಟ್ಟ ಹಣವನ್ನೆಲ್ಲ ಸುರಿದು, ಸಿಕ್ಕಿದ್ದರಲ್ಲಿ ಅತ್ಯಂತ ಗಟ್ಟಿಯಾದ ಜೋಡಿಯನ್ನು ತಂದು ಹಿಂದಿನ ಚಕ್ರಗಳಿಗೆ ಹಾಕಿದ. ಭಾನುವಾರದ ಪಂದ್ಯದಲ್ಲಿ ಕಾರು ಸಣ್ಣ ಕಲ್ಲಿಗೂ ಕುಪ್ಪಳಿಸಿತು. ತಿರುವು ತಿರುವಿನಲ್ಲೂ ಹಿಂಭಾಗ ಜಾರಿ ಗಿರ್ರನೆ ಸುತ್ತಿತು. ಹುಡುಗ ಕೊನೆಯವನಾದ. ಮನೆಗೆ ಬಂದವನೇ ಕಾರನ್ನು ಡಬ್ಬಕ್ಕೆ ತುಂಬಿ, “ನನಗೆ ಓಡಿಸೋದಕ್ಕೆ ಬರೋಲ್ಲ, ಮಾರಿಬಿಡ್ತೀನಿ” ಎಂದ. ತಪ್ಪು ಅವನದಲ್ಲ ಎಂಬ ಅನುಮಾನ ನನಗೆ ಹುಟ್ಟಿತು. ಇಬ್ಬರೂ ಕೂತು ಮೊದಲಿನಿಂದ ಕಲಿತೆವು.

ಮೊದಲು ಕಲಿತದ್ದು ಇದು. ಸ್ಪ್ರಿಂಗಿನ ಕೆಲಸ ಗಾಡಿಯನ್ನು ಬಲಪಡಿಸುವುದಲ್ಲ, ಚಕ್ರವನ್ನು ನೆಲದ ಮೇಲೆ ಇರಿಸುವುದು. ನೆಲ ಬಿಟ್ಟ ಚಕ್ರ ಗಾಡಿಯನ್ನು ತಿರುಗಿಸಲಾರದು, ತಳ್ಳಲಾರದು, ನಿಲ್ಲಿಸಲೂ ಆರದು. ಸ್ಪ್ರಿಂಗು ಹದವಾಗಿದ್ದರೆ ಕಲ್ಲು ಬಂದಾಗ ಚಕ್ರ ಮಾತ್ರ ಮೇಲೇಳುತ್ತದೆ. ಬಿರುಸಾಗಿದ್ದರೆ ಕಾರೇ ಮೇಲೇಳುತ್ತದೆ. ಆದ್ದರಿಂದ ಉಬ್ಬುತಗ್ಗಿನ, ಧೂಳಿನ, ಜಾರುವ ನೆಲಕ್ಕೆ ಮೆತ್ತನೆಯ ಸ್ಪ್ರಿಂಗು; ನಯವಾಗಿ ಹಿಡಿತ ಚೆನ್ನಾಗಿರುವ ನೆಲಕ್ಕೆ, ತಿರುವಿನಲ್ಲಿ ಕಾರು ವಾಲದಂತೆ, ಗಟ್ಟಿಯಾದದ್ದು. ಇನ್ನೊಂದು ಮಾತು: ಮುಂದಿನದು ಗಟ್ಟಿಯಾದರೆ ಮುಂದಿನ ಹಿಡಿತ ಕುಗ್ಗಿ ಕಾರು ತಿರುಗಲು ಒಪ್ಪುವುದಿಲ್ಲ; ಹಿಂದಿನದು ಗಟ್ಟಿಯಾದರೆ ಹಿಂಭಾಗ ಜಾರುತ್ತದೆ. ನಮಗಾದದ್ದು ಇದೇ.

ಗಟ್ಟಿ ಯಾವುದು, ಮೆತ್ತಗಿನದು ಯಾವುದು ಎಂದು ತಿಳಿಯುವುದು ಹೇಗೆ? ಅಂಗಡಿಯಲ್ಲಿ ಬಣ್ಣದ ಗುರುತು ಇರುತ್ತದೆ. ಆದರೆ ಒಂದು ಕಂಪೆನಿಯ ಕೆಂಪು ಇನ್ನೊಂದರ ಕೆಂಪಲ್ಲ. ಬಣ್ಣವನ್ನು ನಂಬದೆ ಅಳೆಯುವುದೇ ಮೇಲು. ಎಷ್ಟು ಭಾರವೋ ಅಷ್ಟಕ್ಕೆ ತಕ್ಕಂತೆ ಸ್ಪ್ರಿಂಗು ಬಾಗುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿಯೇ ವಿವರಿಸಿ ಪ್ರಕಟಿಸಿದ್ದಾನೆ. ಅದನ್ನು ನೀವು ಅಡಿಗೆಮನೆಯಲ್ಲಿ ಪರೀಕ್ಷಿಸಬಹುದು. ಅಂಕಿ ತೋರಿಸುವ ತಕ್ಕಡಿಯ ಮೇಲೆ ಸ್ಪ್ರಿಂಗನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿಯಿರಿ. ೫ ಮಿಲಿಮೀಟರ್ ಒತ್ತಿ ತೂಕ ಬರೆದುಕೊಳ್ಳಿ. ೧೫ಕ್ಕೆ ಒತ್ತಿ ಮತ್ತೆ ಬರೆದುಕೊಳ್ಳಿ. ನಡುವಿನ ವ್ಯತ್ಯಾಸ ೩೬೦ ಗ್ರಾಂ ಆದರೆ, ಆ ಸ್ಪ್ರಿಂಗಿನ ಬಿರುಸು ಮಿಲಿಮೀಟರಿಗೆ ೩೬ ಗ್ರಾಂ. ತಂತಿಯ ದಪ್ಪ ನೂರಕ್ಕೆ ಹತ್ತು ಹೆಚ್ಚಾದರೆ ಬಿರುಸು ನೂರಕ್ಕೆ ಸುಮಾರು ೪೬ ಹೆಚ್ಚುತ್ತದೆ. ಬಳುಕುವ ಸುತ್ತುಗಳು ೧೦ರಿಂದ ೮ಕ್ಕೆ ಇಳಿದರೆ ನೂರಕ್ಕೆ ೨೫. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಸ್ಪ್ರಿಂಗುಗಳು ಬೇರೆಬೇರೆಯಾಗಿ ನಡೆದುಕೊಳ್ಳುವುದು ಇದರಿಂದ.

ಸ್ಪ್ರಿಂಗಿನ ಮೇಲಿನ ಬಳೆಯನ್ನು ತಿರುಗಿಸಿ ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಅನೇಕರ ನಂಬಿಕೆ. ಹಾಗಲ್ಲ, ಕಾರಿನ ಎತ್ತರ ಹೆಚ್ಚುತ್ತದೆ, ಅಷ್ಟೆ. ಬ್ಯಾಟರಿ ಸಹಿತವಾದ ಕಾರನ್ನು ಒಂದು ಗೇಣು ಎತ್ತಿ ಬಿಡಿ. ಅದು ಕುಳಿತಾಗ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಕಡ್ಡಿಗಳು ನೆಲಕ್ಕೆ ಸಮವಾಗಿದ್ದರೆ ಎತ್ತರ ಸರಿಸುಮಾರು ಸರಿಯೆಂದು ಮೊದಲುಮಾಡಬಹುದು. ಸ್ಪ್ರಿಂಗು ಬದಲಾಯಿಸಿದಾಗಲೆಲ್ಲ ಈ ಎತ್ತರವನ್ನು ಮತ್ತೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಮೊದಲ ಪ್ರಶ್ನೆ ಉಳಿದೇ ಇತ್ತು: ಹೊಟ್ಟೆ ನೆಲಕ್ಕೆ ಬಡಿದದ್ದೇಕೆ? ಶಾಕ್ ಅಬ್ಸಾರ್ಬರನ್ನು ಬಿಚ್ಚಿದಾಗ ಉತ್ತರ ಸಿಕ್ಕಿತು. ಎಣ್ಣೆ ಅರ್ಧಕ್ಕೂ ಕಡಮೆ. ತಳದ ರಬ್ಬರು ಬಳೆ ಸವೆದು ಎಲ್ಲ ಸೋರಿಹೋಗಿತ್ತು. ಸ್ಪ್ರಿಂಗು ಪೆಟ್ಟನ್ನು ತೆಗೆದುಕೊಳ್ಳುತ್ತದೆ, ಆದರೆ ಅದನ್ನು ನುಂಗಲಾರದು. ಬಂದದ್ದನ್ನು ಹಿಂದಕ್ಕೆ ಕೊಡುವುದೇ ಅದರ ಸ್ವಭಾವ. ನುಂಗುವುದು ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಅದು ನುಸುಳುವಾಗ ಪೆಟ್ಟಿನ ಬಲವೆಲ್ಲ ಕಾವಾಗಿ ಕರಗಿಹೋಗುತ್ತದೆ. ಎಣ್ಣೆಯ ಕೊರತೆಯನ್ನು ನಾನು ಸ್ಪ್ರಿಂಗಿನ ತಲೆಗೆ ಕಟ್ಟಿದ್ದೆ, ಕಾರಿನ ಸೋಲನ್ನು ಹುಡುಗ ತನ್ನ ತಲೆಗೆ ಕಟ್ಟಿಕೊಂಡಿದ್ದ.

ಹೊಸ ರಬ್ಬರು ಬಳೆ, ತುಂಬ ಸಿಲಿಕೋನ್ ಎಣ್ಣೆ, ಹಳೆಯ ಸ್ಪ್ರಿಂಗು. ಇಷ್ಟು ಮಾಡಿ ಮತ್ತೆ ಓಡಿಸಿದೆವು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ತಂಬೂರಿಯ ನಾಲ್ಕು ತಂತಿಗಳನ್ನೂ ಒಟ್ಟಿಗೆ ತಿರುಗಿಸಿದರೆ ಶ್ರುತಿ ಕೂಡುವುದುಂಟೆ? ಒಂದು ಪುಸ್ತಕದಲ್ಲಿ ಸ್ಪ್ರಿಂಗು, ಎಣ್ಣೆ, ಎತ್ತರ, ನೆಲದ ಸ್ಥಿತಿ, ಒಂದು ಸುತ್ತಿಗೆ ಹಿಡಿದ ಕಾಲ ಇವಿಷ್ಟನ್ನೂ ಹುಡುಗ ಬರೆಯತೊಡಗಿದ. ಕೆಟ್ಟರೆ ಹಿಂದಿನ ಪುಟಕ್ಕೆ ಹಿಂದಿರುಗಬಹುದಲ್ಲ!

ಮುಂದಿನ ಪಂದ್ಯದಲ್ಲಿ ಅವನು ಗೆದ್ದನೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಅವನು ಗೆಲ್ಲಲಿಲ್ಲ, ನಡುವೆಲ್ಲೋ ಬಂದ. ಆದರೆ ಐದು ನಿಮಿಷವೂ ಕಾರು ಒಮ್ಮೆಯೂ ಮಗುಚಲಿಲ್ಲ. ಮಾರುವ ಮಾತು ಮತ್ತೆ ಬರಲಿಲ್ಲ. ಆ ಗಟ್ಟಿ ಸ್ಪ್ರಿಂಗುಗಳು ಈಗಲೂ ನನ್ನ ಮೇಜಿನ ಮೇಲಿವೆ. ಮಕ್ಕಳು ಏನಾದರೂ ಕೇಳಿದಾಗ ಥಟ್ಟನೆ ಉತ್ತರ ಕೊಡುವ ಮುಂಚೆ ಅವನ್ನೊಮ್ಮೆ ನೋಡಿಕೊಳ್ಳುತ್ತೇನೆ.