ಸೈಕಲ್ ದೀಪದ ಸರಿಯಾದ ಬಳಕೆ



ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದಾಗ ನೀರು ಹಾಯಿಸಲು ರೈತನು ಕತ್ತಲಲ್ಲೇ ಸೈಕಲ್ ಏರಬೇಕಾಗುತ್ತದೆ. ಆಗ ದೀಪವು ಅವನಿಗೆ ದಾರಿ ತೋರಿಸಬೇಕು, ಅವನನ್ನು ಇತರರಿಗೆ ಕಾಣಿಸಬೇಕು. ಆದರೆ ಇತರರ ಕಣ್ಣು ಕುಕ್ಕಬಾರದು.

ಟೈರಿಗೆ ತಾಗಿ ತಿರುಗುವ ಡೈನಮೋದ ದೀಪವು ವೇಗ ತಗ್ಗಿದಂತೆ ಮಂಕಾಗಿ, ಸೈಕಲ್ ನಿಂತೊಡನೆ ಆರುತ್ತದೆ. ಬ್ಯಾಟರಿಯ ಎಲ್‌ಇಡಿ ದೀಪ ನಿಂತಾಗಲೂ ಉರಿಯುತ್ತದೆ. ಆದರೆ ಅದರ ಪ್ರಖರ ಬೆಳಕು ನೇರವಾಗಿ ಕಣ್ಣಿಗೆ ಬಿದ್ದರೆ ಎದುರಿನವರಿಗೆ ಕೆಲವು ಕ್ಷಣ ದಾರಿಯೇ ಕಾಣದು. ಗಾಡಿಯ ಎತ್ತುಗಳೂ ಬೆದರಬಹುದು. ಆದ್ದರಿಂದ ದೀಪವನ್ನು ತುಸು ಕೆಳಕ್ಕೆ ಬಾಗಿಸಿ, ಬೆಳಕು ಸುಮಾರು 5 ಮೀಟರ್ ಮುಂದೆ ನೆಲದ ಮೇಲೆ ಬೀಳುವಂತೆ ಬಿಗಿ ಮಾಡಬೇಕು.

ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಎರಡೂ ಇರಬೇಕು. ರಿಫ್ಲೆಕ್ಟರ್ ತಾನಾಗಿ ಬೆಳಗುವುದಿಲ್ಲ. ಹಿಂದಿನ ವಾಹನದ ಬೆಳಕು ಬಿದ್ದರೆ ಮಾತ್ರ ಹೊಳೆಯುತ್ತದೆ. ಕ್ಯಾರಿಯರಿನ ಮೇಲಿನ ಹುಲ್ಲಿನ ಹೊರೆ ಜೋತುಬಿದ್ದು ಇವೆರಡನ್ನೂ ಮರೆಮಾಡಿದರೆ, ಹಿಂದಿನಿಂದ ಬರುವ ಟ್ರ್ಯಾಕ್ಟರಿನವನಿಗೆ ಸೈಕಲ್ ಇರುವುದೇ ತಿಳಿಯದು. ಹೊರೆಯನ್ನು ಎತ್ತಿ ಕಟ್ಟಿ, ಕೆಸರು ಧೂಳನ್ನು ಒರೆಸಿ, ಹೊರಡುವ ಮುನ್ನ ಹಿಂದೆ ನಿಂತು ಒಮ್ಮೆ ನೋಡಬೇಕು. ಕ್ಷೇಮವಾಗಿ ಮನೆಗೆ ಮರಳಲು ಈ ಒಂದು ನಿಮಿಷದ ಪರೀಕ್ಷೆ ಅತ್ಯವಶ್ಯಕ.