ಮೂರ್ಛೆರೋಗದ ಮಗು ಶಾಲೆ ಬಿಡಬೇಕಿಲ್ಲ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯಾದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಹಾಜರಿ ಪುಸ್ತಕ ತೆರೆದರೆ, ನಡುವೆಯೇ ನಿಂತುಹೋದ ಹೆಸರುಗಳೂ ಸಿಗುತ್ತವೆ. ಬಡತನ, ಗುಳೆ, ಬಾಲ್ಯವಿವಾಹ ಎಂಬ ಕಾರಣಗಳನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ. ಹೇಳದೆ ಮುಚ್ಚಿಡುವ ಕಾರಣ ಒಂದಿದೆ. ಅದು ಮೂರ್ಛೆರೋಗ, ನಮ್ಮ ಆಡುಮಾತಿನ ಫಿಟ್ಸ್.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ಮೂರ್ಛೆರೋಗ ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಹಳ್ಳಿಯಲ್ಲಿ ಎರಡು ಪಟ್ಟು! ಅದೇ ಲೆಕ್ಕ ಹಿಡಿದರೆ ಐನೂರು ಮಕ್ಕಳ ಶಾಲೆಯಲ್ಲಿ ಐದಾರು ಮಕ್ಕಳಿರಬಹುದು.

ಕಾರಣ ಗಾಳಿಯೂ ಅಲ್ಲ, ಶಾಪವೂ ಅಲ್ಲ. ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಚಾರ ಒಮ್ಮೆಲೇ ಅಂಕೆ ಮೀರಿದಾಗ ಫಿಟ್ಸ್ ಬರುತ್ತದೆ. ಹೆರಿಗೆ ತಡವಾಗಿ ಮಗುವಿಗೆ ಉಸಿರು ಕಟ್ಟಿದ್ದು, ಮೆದುಳುಜ್ವರ, ತಲೆಗೆ ಬಿದ್ದ ಪೆಟ್ಟು, ಹತ್ತಿರದ ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕೆಲವು ಅನುವಂಶಿಕ ದೋಷಗಳು ಇದಕ್ಕೆ ದಾರಿಯಾಗಬಹುದು. ಲಾಡಿಹುಳುವಿನ ಮೊಟ್ಟೆ ಹೊಲಸು ಕೈಯಿಂದ, ತೊಳೆಯದ ಕಾಯಿಪಲ್ಲೆಯಿಂದ ಹೊಟ್ಟೆ ಸೇರಿದರೆ ಸಸ್ಯಾಹಾರಿಗೂ ಬರಬಹುದು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ.

ನಮ್ಮ ರಾಜ್ಯದ ಸಂಶೋಧನೆಯನ್ನು ಜಗತ್ತೇ ಗಮನಿಸಿದ ಒಂದು ಬಗೆಯಿದೆ, ಬಿಸಿನೀರಿನ ಮೂರ್ಛೆ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವಂಥದ್ದು. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಡಾ. ಕೆ. ಎಸ್. ಮಣಿ, ಡಾ. ಪಿ. ಸತೀಶ್ಚಂದ್ರ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಅವರ ತಂಡ ಇದರ ವಂಶವಾಹಿಗಳನ್ನು ಹುಡುಕಿತು. ಪರಿಹಾರ ಮಾತ್ರ ಸರಳ: ಉಗುರುಬೆಚ್ಚಗಿನ ನೀರು, ಬೇಕಾದರೆ ವೈದ್ಯರು ಹೇಳಿದ ಮಾತ್ರೆ. ಇದೇ ಡಾ. ಮಣಿಯವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಇನ್ನೊಂದನ್ನೂ ತೋರಿಸಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಅರ್ಧಕ್ಕಿಂತ ಹೆಚ್ಚು ರೋಗಿಗಳು ಹತೋಟಿಗೆ ಬಂದರು. ಅಂದಮೇಲೆ ಕೊರತೆ ಔಷಧದ್ದಲ್ಲ. ಔಷಧ ಮಗುವಿನ ತನಕ ಮುಟ್ಟುವುದರದ್ದು.

ಗುರುಗಳಲ್ಲಿ ಒಂದು ಅರಿಕೆ. ಎಲ್ಲ ಫಿಟ್ಸ್‌ನಲ್ಲೂ ಕೈಕಾಲು ಸೆಟೆಯುವುದಿಲ್ಲ. ಪಾಠದ ನಡುವೆ ಮಗು ಹತ್ತಾರು ಸೆಕೆಂಡು ದಿಟ್ಟಿಸಿ ನೋಡುತ್ತಾ ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಬರೆಯತೊಡಗಿದರೆ ಅದೂ ಫಿಟ್ಸ್ ಇರಬಹುದು. "ಲಕ್ಷ್ಯ ಎಲ್ಲೈತಿ" ಎಂದು ಬೆತ್ತ ಎತ್ತುವ ಮೊದಲು ಪಾಲಕರನ್ನು ಕರೆಸಿ. ಮೂರ್ಛೆಯ ಜೊತೆಗೆ ಕಲಿಕಾ ತೊಂದರೆ, ಚಂಚಲತೆ, ಆಟಿಸಂ, ಬುದ್ಧಿ ಬೆಳವಣಿಗೆಯ ಕುಂಠಿತ ಕೆಲವು ಮಕ್ಕಳಲ್ಲಿರುತ್ತವೆ. ಇಂಥ ಮಕ್ಕಳಲ್ಲಿ ಹಲವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ರಕ್ಷಣೆಯಿದೆ. ಹಾಗೆಂದು ಫಿಟ್ಸ್ ಇದ್ದ ಮಗು ದಡ್ಡ ಎಂದಲ್ಲ. ಬಹಳ ಮಕ್ಕಳು ಎಲ್ಲರಂತೆ ಕಲಿಯುತ್ತಾರೆ.

ಫಿಟ್ಸ್ ಬಂದಾಗ ಮಾಡಬೇಕಾದ್ದು ಇಷ್ಟೇ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಬೇಡ. ಬಾಯೊಳಗೆ ಚಮಚ, ನೀರು ಹಾಕಲೇಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಬಾವಿ, ಕೆರೆ, ಕಾಲುವೆಗೆ ಆ ಮಗುವನ್ನು ಒಂಟಿಯಾಗಿ ಕಳಿಸಬೇಡಿ.

ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಜನ ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಲಿ. ಕೊಪ್ಪಳದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸುರುವಾದ ಮಾತ್ರೆಯನ್ನು "ಈಗ ಆರಾಮ ಐತಿ" ಎಂದು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಬಹಳ ಮಕ್ಕಳಲ್ಲಿ ಕೆಲವು ವರ್ಷ ಫಿಟ್ಸ್ ಬರದಿದ್ದರೆ ವೈದ್ಯರೇ ನಿಧಾನವಾಗಿ ಕಡಿಮೆ ಮಾಡುತ್ತಾರೆ.

"ಹೆಣ್ಣುಮಗು, ನಾಳೆ ಮದುವೆ ಆಗಬೇಕು, ಯಾರಿಗೂ ಹೇಳಬೇಡಿ" ಎನ್ನುವ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟರೆ ಮಾತ್ರೆಯೂ ಮುಚ್ಚಿಡಬೇಕಾಗುತ್ತದೆ. ತಪ್ಪಿದ ಮಾತ್ರೆ ಜೀವಕ್ಕೇ ಕುತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಮೂರ್ಛೆರೋಗದ ಹೆಸರನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟದ್ದನ್ನು ಊರೂ ಬಿಡಲಿ.

ಈ ಶಾಲೆ ನೂರು ವರ್ಷ ಪೂರೈಸುವ ಹೊತ್ತಿಗೆ, ಫಿಟ್ಸ್ ಕಾರಣಕ್ಕೆ ಒಂದು ಹೆಸರೂ ಹಾಜರಿ ಪುಸ್ತಕದಿಂದ ಅಳಿಯದಿರಲಿ ಎಂದು ಹಾರೈಸುತ್ತೇನೆ.